ಆಯಿ ಅಂದರೆ ಯಾರು?

ನಾನು ನನ್ನ ತಾಯಿಯನ್ನು ‘ಆಯಿ’ ಅಂತ ಕರೆಯುತ್ತೇನೆ. ಮರಾಠಿಯಲ್ಲಿ ಆಯಿ ಅಂದರೆ ತಾಯಿ. ನನ್ನ ಅಕ್ಕನ ಮಗಳೂ ಅವಳನ್ನು ‘ಆಯಿ’ ಅಂತಲೇ ಕರೆಯುತ್ತಾಳೆ. ಬೈಲಹೊಂಗಲ ಕಡೆ, ನಮ್ಮ ಅಪ್ಪನ ಊರಲ್ಲಿ, ಆಯಿ ಅಂದರೆ ಅಜ್ಜಿ. ಮುತ್ಯಾ, ಆಯಿ. ಹಾಗಾಗಿ ನಾನು ಕರೆಯುವುದು ಮರಾಠಿ, ಅವಳು ಕರೆಯುವುದು ಕನ್ನಡ. ಓಗೊಡುವವಳು ಮಾತ್ರ ಒಬ್ಬಳೇ.

ಸಣ್ಣವಳಿದ್ದಾಗ ಇದರಿಂದ ಪಜೀತಿ ಆಗುತ್ತಿತ್ತು. ರಜೆಗೆ ಅಪ್ಪನ ಊರಿಗೆ ಹೋಗಿ, ಎಲ್ಲೋ ಎಡವಿ ಬಿದ್ದು ‘ಆಯೀ’ ಅಂತ ಕಿರುಚಿದರೆ ಒಳಗಿನಿಂದ ಅಪ್ಪನ ಅವ್ವ ಓಡಿ ಬರುತ್ತಿದ್ದಳು. ನನ್ನ ಆಯಿ ಕಟ್ಟೆ ಮೇಲೆ ಕೂತು ನಗುತ್ತಿದ್ದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಅವಳಿಗೆ ನಗು ಬರುವಂಥದ್ದು ಜಾಸ್ತಿ ಏನೂ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಅಪ್ಪ ಲಿಂಗಾಯತ, ಕನ್ನಡದವರು. ಆಯಿ ಬೆಳಗಾವಿಯ ಶಹಾಪುರದ ಮರಾಠಾ ಮನೆತನದವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾದರು. ಎರಡೂ ಕಡೆಯವರು ಸಿಟ್ಟಾದರು, ಯಾವ ಕಡೆಯವರು ಜಾಸ್ತಿ ಸಿಟ್ಟಾಗಿದ್ದರು ಅನ್ನುವುದರ ಬಗ್ಗೆ ಅಪ್ಪ ಆಯಿ ಕೊನೆವರೆಗೂ ಜಗಳ ಆಡುತ್ತಿದ್ದರು. ಬೆಳಗಾವಿಯಲ್ಲಿ ಇಂಥ ಮನೆ ಬೇಕಾದಷ್ಟಿವೆ. ಹೊರಗಿನವರಿಗೆ ಈ ಊರು ಅಂದರೆ 1956ರ ರಾಜ್ಯ ಪುನರ್‌ವಿಂಗಡಣೆ, ಮಹಾಜನ ಆಯೋಗ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ದಾವೆ. ಗಡಿ ಅನ್ನುವುದು ನಮಗೆ ಅಷ್ಟು ದೂರ ಇರಲಿಲ್ಲ. ನಮ್ಮ ಅಡುಗೆಮನೆಯಲ್ಲೇ ಇತ್ತು. ನವೆಂಬರ್ 1ರಂದು ಅಪ್ಪ ನಮ್ಮನ್ನು ಚೆನ್ನಮ್ಮ ಸರ್ಕಲ್‌ಗೆ ಕರೆದುಕೊಂಡು ಹೋಗಿ ರಾಜ್ಯೋತ್ಸವದ ಮೆರವಣಿಗೆ ತೋರಿಸುತ್ತಿದ್ದರು. ಅದೇ ದಿನ ನಮ್ಮ ಮಾಮಾ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕರಾಳ ದಿನದ ಮೆರವಣಿಗೆಗೆ ಹೋಗುತ್ತಿದ್ದರು. ರಾತ್ರಿ ಇಬ್ಬರೂ ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದರು. ಆ ದಿನ ಊಟದ ಹೊತ್ತಿಗೆ ಬರೀ ಕ್ರಿಕೆಟ್ ಮಾತು.

ಈಗ ಅಕ್ಕನ ಮಗಳ ವಿಷಯಕ್ಕೆ ಬರುತ್ತೇನೆ. ಅಕ್ಕ ಇರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಭಾವ ಅಲ್ಲಿನ ಕಪ್ಪು ಜನಾಂಗದವರು. ಹುಡುಗಿಗೆ ಈಗ ಇಪ್ಪತ್ತು. ಹೋದ ಡಿಸೆಂಬರ್‌ನಲ್ಲಿ ಕಾಲೇಜು ರಜೆ ಅಂತ ಮೂರು ವಾರ ಬಂದಿದ್ದಳು. ಬಣ್ಣ ಅಪ್ಪನದು, ಕೂದಲು ಅಪ್ಪನದು, ಮೂಗು ಮಾತ್ರ ನೂರಕ್ಕೆ ನೂರು ನಮ್ಮ ಬೈಲಹೊಂಗಲದ ಮುತ್ಯಾನದು. ಕನ್ನಡ ತಕ್ಕಮಟ್ಟಿಗೆ ಮಾತಾಡುತ್ತಾಳೆ. ಅಕ್ಕ ಹಟ ಹಿಡಿದು ಕಲಿಸಿದ್ದಾಳೆ.

ಗಣಪತ ಗಲ್ಲಿಗೆ ಬಳೆ ತರಲು ಹೋಗಿದ್ದೆವು. ಅಂಗಡಿಯವರು ನನ್ನ ಜೊತೆ ಮರಾಠಿಯಲ್ಲಿ, ಅವಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಯಾವ ದೇಶ ಅಂತ ಕೇಳಿದ್ದಕ್ಕೆ ಅವಳು ಕನ್ನಡದಲ್ಲಿ, “ನಮ್ಮ ಆಯಿ ಶಹಾಪುರದಾಕಿ ರೀ” ಅಂದಳು. ಅವರು ಖುಷಿಯಾಗಿ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಯಾವ ಕೆಟ್ಟ ಮನಸ್ಸೂ ಇಲ್ಲದೆ, “ಖಾನಾಪುರ ಕಡೆ ಸಿದ್ದಿ ಮಂದಿ ಏನ್ರಿ ಇವರು?” ಅಂತ ಕೇಳಿದರು.

“ಇಲ್ಲ ಇಲ್ಲ, ಅಲ್ಲವೇ ಅಲ್ಲ” ಅಂದೆ.

ರಸ್ತೆಗೆ ಬಂದ ಮೇಲೆ ಅವಳು ಕೇಳಿದ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. “ಮಾವಶಿ, ಅಲ್ಲ ಅಂತ ಒಂದು ಸಲ ಹೇಳಿದ್ದರೆ ಸಾಕಿತ್ತು. ಮೂರು ಸಲ ಯಾಕ ಹೇಳಿದಿ?”

ಉತ್ತರ ಇರಲಿಲ್ಲ. ಸಿದ್ದಿ ಅಂದರೆ ಯಾರು ಅಂತ ವಿವರಿಸಲು ಶುರು ಮಾಡಿದೆ, ಸಿಕ್ಕಿಬಿದ್ದವರು ಮಾಡುವ ಹಾಗೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಬಹಳಷ್ಟು ಜನರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡಿಗೆ ಸೇರಿದರು. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಇದ್ದಾರೆ, ನಮ್ಮ ಖಾನಾಪುರದಲ್ಲೂ ಇದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ, ಮರಾಠಿ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯ ಸಿದ್ದಿಗಳು ಸೇರಿದ್ದು 2020ರಲ್ಲಿ. ಅಂದರೆ ಹದಿನೇಳು ವರ್ಷ ಹಳಿಯಾಳದಲ್ಲಿರುವ ಅಣ್ಣ ಪರಿಶಿಷ್ಟ ಪಂಗಡ, ಖಾನಾಪುರದಲ್ಲಿರುವ ತಮ್ಮ ಅಲ್ಲ. ಅದೇ ಮುಖ, ಅದೇ ಕೂದಲು, ನಡುವೆ ಒಂದು ಜಿಲ್ಲೆಯ ಗಡಿ.

ಅವಳು ಎಲ್ಲ ಕೇಳಿಸಿಕೊಂಡಳು. “ಸರಿ. ಹಂಗಾದ್ರ ಅವರು ನಮ್ಮಪ್ಪನ ಕಡೆಯವರು ಆಗಬಹುದಲ್ಲ” ಅಂದಳು. ಕುಂದಾ ತಗೊಳ್ಳೋಣ ನಡಿ ಅಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಆ ‘ಅಲ್ಲವೇ ಅಲ್ಲ’ ಹೊಸದಲ್ಲ. ಕಾಲೇಜಿನಲ್ಲಿ ಗೆಳತಿಯರು ‘ನೀ ಮರಾಠಿ ಅಲ್ಲ?’ ಅಂತ ಕೇಳಿದರೆ ಇದೇ ಧಾಟಿಯಲ್ಲಿ ಅಲ್ಲ ಅನ್ನುತ್ತಿದ್ದೆ. ಕೊಲ್ಲಾಪುರದಲ್ಲಿ ಮಾವಶಿಯ ಮನೆಯ ಮದುವೆಗೆ ಹೋದಾಗ ಯಾರೋ ಹೆಂಗಸು ನನ್ನನ್ನು ತೋರಿಸಿ ‘ಕಾನಡಿ’ ಅಂದರೆ, ಅಲ್ಲಿ ಮರಾಠಿಯನ್ನು ಬೇಕಂತಲೇ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದೆ. ಬೆಂಗಳೂರಿನಲ್ಲಿ ಎರಡು ವರ್ಷ ಇದ್ದಾಗ ನಿಮ್ಮ ಕನ್ನಡದಲ್ಲಿ ಮರಾಠಿ ಇದೆ ಅಂತ ಹೇಳುವವರು ಸಿಕ್ಕರು. ಅವರಿಗೆ ನಾನು ಬೈಲಹೊಂಗಲದ ಹೆಸರು ಹೇಳಿ, ಕಿತ್ತೂರು ಚೆನ್ನಮ್ಮನ ಸಮಾಧಿ ಇರುವ ಊರು ಅಂತ ಸೇರಿಸುತ್ತಿದ್ದೆ. ಯಾವ ಊರಲ್ಲಿ ಯಾವ ಅರ್ಧ ತೋರಿಸಬೇಕು ಅನ್ನುವುದು ನನಗೆ ಅಂಗಡಿ ಲೆಕ್ಕದಷ್ಟೇ ಸಲೀಸು. ನಾನು ತೋರಿಸಬಹುದು, ಮುಚ್ಚಿಡಬಹುದು. ಬಾಯಿ ತೆರೆಯುವವರೆಗೆ, ಅಡ್ಡಹೆಸರು ಹೇಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೆ ಆ ಅನುಕೂಲವೇ ಇಲ್ಲ. ಅವಳು ಬಾಗಿಲಿಗೆ ಬರುವ ಮೊದಲೇ ಅವಳ ಉತ್ತರ ಬಂದಿರುತ್ತದೆ.

ನಾನು ಕೆಲಸ ಮಾಡುವುದು ಒಂದು ಸಹಕಾರಿ ಸೊಸೈಟಿಯಲ್ಲಿ. ದಿನವಿಡೀ ಬೇರೆಯವರ ಅರ್ಜಿ ತುಂಬಿಸುವ ಕೆಲಸ. ಹಾಗಾಗಿ ಅರ್ಜಿಗಳ ಮೇಲೆ ನನಗೆ ಒಂದು ಥರ ಪ್ರೀತಿ, ಒಂದು ಥರ ಸಂಶಯ. ಮನುಷ್ಯರು ಖಾನೆಗೆ ಹೊಂದುವಂತೆ ತಮ್ಮನ್ನು ಮಡಿಸಿಕೊಳ್ಳುವುದನ್ನು ದಿನಾ ನೋಡುತ್ತೇನೆ.

2025ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ನೆನಪಿದೆಯಾ? 60 ಪ್ರಶ್ನೆ, ಮನೆಗೆ ಸ್ಟಿಕ್ಕರ್, ಮೊಬೈಲ್ ಹಿಡಿದು ಬರುವ ಮೇಷ್ಟ್ರು. ಧರ್ಮದ ಕಾಲಂನಲ್ಲಿ ಹಿಂದೂ ಅಂತ ಬರೆಸಬೇಕೋ ಲಿಂಗಾಯತ ಅಂತ ಬರೆಸಬೇಕೋ ಅನ್ನುವುದರ ಮೇಲೆ ಟಿವಿಯಲ್ಲಿ ದಿನಾ ಗದ್ದಲ. ನಮ್ಮ ಮನೆಗೆ ಬಂದ ಮೇಷ್ಟ್ರು ಬಿಸಿಲಲ್ಲಿ ಸುಸ್ತಾಗಿದ್ದರು. ಆಯಿ ಮಜ್ಜಿಗೆ ಕೊಟ್ಟಳು. ನನ್ನ ಜಾತಿ ಕೇಳಿದಾಗ ಅಪ್ಪನದನ್ನೇ ಹೇಳಿದೆ, ಎಲ್ಲರೂ ಹೇಳುವ ಹಾಗೆ.

ಎಲ್ಲರೂ ಹೇಳುವುದೇ ಕಾನೂನು ಅಂತ ನಾನೂ ಅಂದುಕೊಂಡಿದ್ದೆ. ಪೂರ್ತಿ ಹಾಗಿಲ್ಲ. 2012ರಲ್ಲಿ ಗುಜರಾತಿನ ರಮೇಶಭಾಯಿ ದಾಭಾಯಿ ನಾಯ್ಕಾ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯ ಬಿಡಿಸಿ ಹೇಳಿತು. ತಾಯಿ ಬುಡಕಟ್ಟಿನವರು, ತಂದೆ ಮೇಲ್ಜಾತಿಯವರು. ಮಗ ಯಾರು? ತಂದೆಯ ಜಾತಿ ಅಂತ ಮೊದಲು ಅಂದುಕೊಳ್ಳಬಹುದು, ಆದರೆ ಅದೇ ಕೊನೆಯ ಮಾತಲ್ಲ ಅಂದಿತು ಕೋರ್ಟು. ಆ ಮಗು ತಾಯಿಯ ಜನರ ನಡುವೆ ಬೆಳೆದಿದ್ದರೆ, ಅವರು ಅನುಭವಿಸಿದ ಅವಮಾನ, ಕೊರತೆಗಳನ್ನೇ ಅನುಭವಿಸಿದ್ದರೆ, ಆ ಜನರೇ ಅದನ್ನು ತಮ್ಮವನು ಅಂತ ಒಪ್ಪಿಕೊಂಡಿದ್ದರೆ, ಅದನ್ನು ತೋರಿಸಲು ಅವಕಾಶ ಇದೆ. ಅಂದರೆ ಯಾರ ರಕ್ತ ಅನ್ನುವುದೊಂದನ್ನೇ ನೋಡಬೇಡಿ, ಯಾರ ಜೊತೆ ಬೆಳೆದೆ, ಯಾರ ಪಾಲಿನ ಏಟು ನಿನಗೂ ಬಿತ್ತು ಅನ್ನುವುದನ್ನೂ ನೋಡಿ ಅಂತ. ನನಗಂತೂ ಇದು ರಕ್ತದ ಲೆಕ್ಕಕ್ಕಿಂತ ನೂರು ಪಾಲು ಸರಿ ಅನ್ನಿಸುತ್ತದೆ. ನಮ್ಮ ಸಂವಿಧಾನವೇ ಆಂಗ್ಲೋ ಇಂಡಿಯನ್ ಯಾರು ಅಂತ 366ನೇ ವಿಧಿಯಲ್ಲಿ ಹೇಳುವಾಗ ತಂದೆಯ ವಂಶದ ಯುರೋಪಿಯನ್‌ನನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಅಜ್ಜಿ ಮಾತ್ರ ಇಂಗ್ಲಿಷಿನವಳಾಗಿದ್ದರೆ ಲೆಕ್ಕಕ್ಕಿಲ್ಲ!

ಮಾತೃಭಾಷೆಯ ಪ್ರಶ್ನೆ ಬಂತು. ನಾನು ಒಂದು ಕ್ಷಣ ತಡೆದೆ. ಅಷ್ಟರಲ್ಲಿ ಆಯಿ, “ಆಕಿದು ಕನ್ನಡ ಬರೀರಿ ಸರ್. ನಂದು ಮರಾಠಿ” ಅಂದಳು. ಮೇಷ್ಟ್ರು ತಲೆ ಎತ್ತಿ ನೋಡಿದರು. ತಾಯಿಯದು ಮರಾಠಿ, ಮಗಳ ಮಾತೃಭಾಷೆ ಕನ್ನಡ. ಕೇಳಲು ವಿಚಿತ್ರ. ಆದರೆ ಜನಗಣತಿಯವರ ವಿವರಣೆ ಪ್ರಕಾರ ಇದು ಪಕ್ಕಾ ಸರಿ. ಅವರಿಗೆ ಮಾತೃಭಾಷೆ ಅಂದರೆ ತಾಯಿಯ ಭಾಷೆ ಅಲ್ಲ, ಚಿಕ್ಕಂದಿನಲ್ಲಿ ತಾಯಿ ಮಗುವಿನ ಜೊತೆ ಆಡಿದ ಭಾಷೆ. ಆಯಿ ನಮ್ಮ ಜೊತೆ ಕನ್ನಡದಲ್ಲೇ ಮಾತಾಡಿದಳು. ಮದುವೆಯಾದ ಮೇಲೆ ಕಲಿತ ಕನ್ನಡ. ಅತ್ತೆಯ ಮನೆಯಲ್ಲಿ ಯಾರೂ ತನ್ನ ಮಕ್ಕಳಿಗೆ ಏನೂ ಅನ್ನಬಾರದು ಅಂತ ಹಟದಿಂದ ಕಲಿತದ್ದು. ಮರಾಠಿಯಲ್ಲಿ ಬಸ್ಸು, ಗಾಡಿ ಹೆಣ್ಣು. ಹಾಗಾಗಿ ಆಯಿಯ ಕನ್ನಡದಲ್ಲೂ ‘ಬಸ್ ಬಂದ್ಳು’, ‘ಗಾಡಿ ಹೋದ್ಳು’. ನಾನು ಎರಡನೇ ಕ್ಲಾಸಿನಲ್ಲಿ ‘ಬಸ್ ಬಂದ್ಳು’ ಅಂದಾಗ ಇಡೀ ಕ್ಲಾಸು ನಕ್ಕಿತು. ಮನೆಗೆ ಬಂದು ಅತ್ತುಬಿಟ್ಟೆ. ಆಯಿ ಆವತ್ತು ಏನೂ ಮಾತಾಡಲಿಲ್ಲ, ಆಮೇಲೆ ತಿಂಗಳುಗಟ್ಟಲೆ ಬಸ್ಸಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಮಾತೃಭಾಷೆ ಕನ್ನಡ ಅಂತ ಬರೆಸುವಾಗ ಬರೆಸುವುದು ಆ ಕನ್ನಡವನ್ನು.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಅವಳಿಗೆ ಇದು ಬಹಳ ಹಿಡಿಸಿತು. ಅವಳ ಬಳಿಯೂ ಅರ್ಜಿಗಳ ಕತೆ ರಾಶಿ ಇತ್ತು. ಅಮೆರಿಕದ ಜನಗಣತಿಯಲ್ಲಿ ಜನಾಂಗದ ಕಾಲಂ ಇದೆ. 1960ರ ಮೊದಲು ಎಣಿಕೆಗೆ ಬಂದವರೇ ಮುಖ ನೋಡಿ ಬರೆದುಕೊಳ್ಳುತ್ತಿದ್ದರಂತೆ. 1890ರಲ್ಲಂತೂ ಕಾಲುಭಾಗ ಕಪ್ಪು ರಕ್ತ, ಎಂಟನೇ ಒಂದು ಭಾಗ ಕಪ್ಪು ರಕ್ತ ಅಂತ ಬೇರೆ ಬೇರೆ ಹೆಸರಿಟ್ಟು ಎಣಿಸಿದರು. ಮನುಷ್ಯರನ್ನು ಪಾವು, ಚಟಾಕು ಅಂತ ಅಳೆದ ಹಾಗೆ. ಆಮೇಲೆ ದಕ್ಷಿಣದ ರಾಜ್ಯಗಳು ಆ ಗೋಜೇ ಬೇಡ ಅಂತ, ಒಂದು ಹನಿ ಇದ್ದರೂ ಕಪ್ಪು ಅಂತ ಕಾನೂನು ಮಾಡಿದವು. ವರ್ಜೀನಿಯಾದ 1924ರ ಕಾನೂನು ಅಂಥದ್ದು. ನಗು ಬರುವ ಸಂಗತಿಯೂ ಇದೆ. 1920ರಿಂದ 1940ರವರೆಗೆ ಅಲ್ಲಿನ ಗಣತಿಯಲ್ಲಿ ‘ಹಿಂದೂ’ ಅನ್ನುವುದು ಒಂದು ಜನಾಂಗ! ನಮ್ಮ ದೇಶದಿಂದ ಹೋದ ಸಿಖ್ಖರು, ಮುಸ್ಲಿಮರು ಎಲ್ಲ ಆ ಖಾನೆಯಲ್ಲೇ. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯಕ್ಕೆ ನಿಂತ ಪಂಜಾಬಿ ಗಂಡಸರು ಬಹಳ ಜನ ಮೆಕ್ಸಿಕನ್ ಮೂಲದ ಹೆಂಗಸರನ್ನು ಮದುವೆಯಾದರು. ಅವರ ಮಕ್ಕಳನ್ನು ಜನ ‘ಮೆಕ್ಸಿಕನ್ ಹಿಂದೂ’ ಅನ್ನುತ್ತಿದ್ದರು. ಅಪ್ಪಂದಿರಲ್ಲಿ ಹೆಚ್ಚಿನವರು ಸಿಖ್ಖರು, ಮಕ್ಕಳು ಚರ್ಚಿಗೆ ಹೋಗುವವರು. ಹಿಂದೂ ಎಲ್ಲಿಂದ ಬಂತೋ!

ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕಬಹುದು ಅಂತ ಅಲ್ಲಿ ಒಪ್ಪಿದ್ದು 2000ದಲ್ಲಿ. ಆ ಸಲ ಹಾಗೆ ಗುರುತು ಹಾಕಿದವರು ನೂರಕ್ಕೆ 2.4. 2010ರಲ್ಲಿ 2.9. 2020ರಲ್ಲಿ 10.2, ಅಂದರೆ 3.38 ಕೋಟಿ ಜನ. ಹತ್ತು ವರ್ಷದಲ್ಲಿ ಇಷ್ಟು ಬೆರಕೆ ಮದುವೆ ಆದವಾ ಅಂತ ನಾನು ಬಾಯಿ ತೆರೆದೆ. ಅವಳು ನಕ್ಕಳು. ಜನ ಅಷ್ಟು ಬದಲಾಗಲಿಲ್ಲ ಮಾವಶಿ, ಅರ್ಜಿ ಬದಲಾಯಿತು. ಪ್ರಶ್ನೆಯ ಕೆಳಗೆ ನಿಮ್ಮ ಮೂಲ ಬರೆಯಿರಿ ಅಂತ ಹೆಚ್ಚು ಜಾಗ ಕೊಟ್ಟರು, ಬರೆದದ್ದನ್ನು ವಿಂಗಡಿಸುವ ರೀತಿ ಬದಲಾಯಿಸಿದರು. ಆ ಹೆಚ್ಚಳದ ದೊಡ್ಡ ಪಾಲು ಬಂದದ್ದು ಅಲ್ಲಿಂದಲೇ. ನನ್ನ ಸೊಸೈಟಿಯ ಅನುಭವಕ್ಕೆ ಇದು ಸರಿಯಾಗಿ ಕೂತಿತು. ಜಾಗ ಬಿಟ್ಟರೆ ಜನ ಬರೆಯುತ್ತಾರೆ.

ಆದರೂ ಎರಡು ಖಾನೆ ಇದ್ದಾಗಲೂ ಒಂದನ್ನೇ ಆರಿಸುವವರಿದ್ದಾರೆ. 2010ರ ಗಣತಿಯಲ್ಲಿ ಅಧ್ಯಕ್ಷ ಬರಾಕ್ ಒಬಾಮ ಕಪ್ಪು ಅನ್ನುವುದೊಂದಕ್ಕೇ ಗುರುತು ಹಾಕಿದರು. ಅವರನ್ನು ಸಾಕಿದ್ದು ಬಿಳಿಯ ತಾಯಿ, ಬಿಳಿಯ ಅಜ್ಜ ಅಜ್ಜಿ. ಹಾಗಾದರೆ ಅದು ಆ ಅಜ್ಜಿಗೆ ಮಾಡಿದ ಮೋಸ ಅಲ್ವಾ ಅಂತ ನಾನು ಕೇಳಿದೆ. ಈ ಪ್ರಶ್ನೆ ನನ್ನದೇ ಪ್ರಶ್ನೆ ಅಂತ ಅವಳಿಗೂ ಗೊತ್ತಾಗಿರಬೇಕು. “ಅಜ್ಜಿ ಜೋಡಿ ಮನಿಯೊಳಗ ಇದ್ದಾಗ ಅವರು ಮೊಮ್ಮಗ. ರಸ್ತೆಯೊಳಗ ಟ್ಯಾಕ್ಸಿ ನಿಲ್ಲದಿದ್ದಾಗ ಏನು?” ಅಂದಳು. ಕಮಲಾ ಹ್ಯಾರಿಸ್ ವಿಷಯವೂ ಬಂತು. 2020ರಲ್ಲಿ ನಮ್ಮ ಟಿವಿಗಳು ಆಕೆಯ ತಾಯಿಯ ಕಡೆಯ ಊರಾದ ತಮಿಳುನಾಡಿನ ತುಳಸೇಂದ್ರಪುರಕ್ಕೆ ಓಡಿ, ಅಲ್ಲಿನ ದೇವಸ್ಥಾನದ ಪೂಜೆಯನ್ನೆಲ್ಲ ತೋರಿಸಿ ನಮ್ಮ ಹುಡುಗಿ ಅಂದವು. ಜಮೈಕಾದ ಅಪ್ಪನ ಸುದ್ದಿ ಒಂದು ಸಾಲಿಗೂ ಬರಲಿಲ್ಲ. 2024ರಲ್ಲಿ ಡೊನಾಲ್ಡ್ ಟ್ರಂಪ್, ಈಕೆ ಇಷ್ಟು ದಿನ ಭಾರತೀಯಳಾಗಿದ್ದು ಈಗ ಕಪ್ಪಾದಳು ಅನ್ನೋ ಅರ್ಥದ ಮಾತಾಡಿದರು. ಒಬ್ಬರು ಅಪ್ಪನನ್ನು ಅಳಿಸಿದರು, ಇನ್ನೊಬ್ಬರು ಅಪ್ಪನನ್ನು ಅನುಮಾನಿಸಿದರು. ನಾನು ಮೊದಲನೇ ಗುಂಪಿನವಳು. ಅಕ್ಕನ ಮಗಳ ಬಗ್ಗೆ ಯಾರಾದರೂ ಕೇಳಿದರೆ ‘ನಮ್ಮ ಅಕ್ಕನ ಮಗಳು, ಅಮೆರಿಕ’ ಅಷ್ಟೇ ಹೇಳುತ್ತಿದ್ದೆ. ಭಾವ ಅನ್ನುವವರು ಆ ವಾಕ್ಯದಲ್ಲಿ ಇರಲೇ ಇಲ್ಲ. ನಮ್ಮ ಮಾಮಾ ಹತ್ತಾರು ವರ್ಷ ಹಿಂದೆ ನನ್ನನ್ನು ತಮ್ಮ ಗೆಳೆಯರಿಗೆ ಪರಿಚಯಿಸುವಾಗ ಅಪ್ಪನ ಹೆಸರು ಬಿಟ್ಟು ‘ಆಮ್ಚಿ ಭಾಚಿ’ ಅನ್ನುತ್ತಿದ್ದರು, ನಮ್ಮ ಸೋದರ ಸೊಸೆ ಅಂತ. ಎಷ್ಟು ಪ್ರೀತಿ ಅದರಲ್ಲಿ. ಅಪ್ಪ ಮಾತ್ರ ಪಕ್ಕದಲ್ಲಿ ಸುಮ್ನೆ ನಿಂತಿರುತ್ತಿದ್ದರು.

ಒಂದು ದಿನ ವಿಜಯಪುರಕ್ಕೆ ಹೋದೆವು, ಆಯಿಯೂ ಬಂದಿದ್ದಳು. ಅಕ್ಕನ ಮಗಳಿಗೆ ಗೋಲಗುಮ್ಮಟ ನೋಡಬೇಕಿತ್ತು, ನನಗೆ ಅವಳಿಗೆ ಒಂದು ಚಿತ್ರ ತೋರಿಸಬೇಕಿತ್ತು. ಗುಮ್ಮಟದ ಹೊರಗೆ ಹುಲ್ಲಿನ ಮೇಲೆ ಕೂತು ಮೊಬೈಲಿನಲ್ಲಿ ತೆಗೆದೆ. ಸುಮಾರು 1645ರ ಚಿತ್ರ. ಆನೆಯ ಮೇಲೆ ಮುಹಮ್ಮದ್ ಆದಿಲ್ ಶಾಹ, ಈ ಗೋರಿ ಅವನದೇ. ಅವನ ಹಿಂದೆ ಕೂತಿರುವ ಕಪ್ಪು ಮನುಷ್ಯ ಇಖ್ಲಾಸ್ ಖಾನ್, ಹಬ್ಶಿ, ಅಂದರೆ ಆಫ್ರಿಕಾ ಮೂಲದವನು, ಈ ರಾಜ್ಯದ ದೊಡ್ಡ ಮಂತ್ರಿ. ಅವಳು ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಆದಿಲ್ ಶಾಹಿ ವಂಶದ ಮೊದಲಿಗ ಯೂಸುಫ್ ತುರ್ಕರ ಸುಲ್ತಾನನ ಮಗ ಅಂತ ಹಳೆಯ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ, ಬಹಳ ಇತಿಹಾಸಕಾರರು ಅದನ್ನು ನಂಬುವುದಿಲ್ಲ. ಅವನ ಹೆಂಡತಿ ಮರಾಠಾ ಮನೆತನದವಳು ಅಂತಲೂ ಫರಿಷ್ತಾನೇ ಹೇಳುತ್ತಾನೆ. ಅವಳ ಮಗ ಇಸ್ಮಾಯಿಲ್ ಮುಂದಿನ ದೊರೆ. “ಮರಾಠಾ?” ಅಂತ ಆಯಿ ಕಿವಿ ನಿಮಿರಿಸಿದಳು. ಅಲ್ಲಿಂದ ಗಾಡಿ ಹತ್ತುವವರೆಗೆ ಆದಿಲ್ ಶಾಹಿಗಳ ಬಗ್ಗೆ ಅವಳ ಅಭಿಪ್ರಾಯ ಬಹಳ ಒಳ್ಳೆಯದಿತ್ತು.

ನನಗೆ ಆ ಕಾಲದ ಒಂದು ಸಂಗತಿ ಬಹಳ ಇಷ್ಟ. ಆಸ್ಥಾನದಲ್ಲಿ ಎರಡು ಬಣ. ಇರಾನ್, ಮಧ್ಯ ಏಷ್ಯಾ ಕಡೆಯಿಂದ ಬಂದವರು ಆಫಾಕಿಗಳು. ಇಲ್ಲಿನವರು ದಖನಿಗಳು. ಸಮುದ್ರ ದಾಟಿ ಬಂದ ಹಬ್ಶಿಗಳು ಯಾವ ಕಡೆ? ದಖನಿಗಳ ಕಡೆ. ಹುಟ್ಟಿದ್ದು ಆಫ್ರಿಕಾದಲ್ಲಾದರೂ ಅವರ ಊಟ, ಮಾತು, ಜಗಳ, ದ್ವೇಷ ಎಲ್ಲ ಇಲ್ಲಿನವರ ಜೊತೆ ಸೇರಿತ್ತು. 2012ರ ಕೋರ್ಟು ಹೇಳಿದ್ದಕ್ಕೂ ಇದಕ್ಕೂ ಬಹಳ ದೂರ ಏನಿಲ್ಲ.

ಹಾಗಂತ ರಕ್ತದ ಲೆಕ್ಕ ಹಿಡಿದವರು ಸುಮ್ನೆ ಬಿಡುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1950ರ ಕಾನೂನು ಪ್ರತಿಯೊಬ್ಬರಿಗೂ ಒಂದು ಜನಾಂಗ ಹಚ್ಚಿತು, ರದ್ದಾದದ್ದು 1991ರಲ್ಲಿ. ಯಾರು ಬಿಳಿ, ಯಾರು ಬೆರಕೆ ಅಂತ ಸಂಶಯ ಬಂದಾಗ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಕೆಳಗೆ ಬಿದ್ದರೆ ಒಂದು ಬದುಕು, ನಿಂತರೆ ಇನ್ನೊಂದು. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಖಾನೆಗೆ ಬಿದ್ದದ್ದೂ ಉಂಟು. ನನಗೆ ಈ ಪೆನ್ಸಿಲ್ ನೆನಪಾದದ್ದು ಒಂದು ಭಾನುವಾರ ಬೆಳಿಗ್ಗೆ, ಆಯಿ ಮೊಮ್ಮಗಳಿಗೆ ಎಣ್ಣೆ ಹಚ್ಚಲು ಕೂತಾಗ.

ಆಯಿಯ ಹಣಿಗೆ ಆ ಕೂದಲಲ್ಲಿ ನಿಂತೇಬಿಟ್ಟಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆಯಿ ಜಗ್ಗಿದಳು, ಅವಳು ಅಯ್ಯೋ ಅಂದಳು. ಹಣಿಗೆಯ ಎರಡು ಹಲ್ಲು ಮುರಿದವು. ನಾನು ಬಾಗಿಲಲ್ಲಿ ನಿಂತು ಏನೂ ಮಾತಾಡದೆ ನೋಡುತ್ತಿದ್ದೆ. ಆಮೇಲೆ ಅವಳೇ ಕಲಿಸಿದಳು. ಮೊದಲು ಕೂದಲು ಒದ್ದೆ ಮಾಡಬೇಕು, ಬೆರಳಿನಿಂದ ಬಿಡಿಸಬೇಕು, ತುದಿಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು, ದೊಡ್ಡ ಹಲ್ಲಿನ ಹಣಿಗೆ ಬೇಕು. ಆಯಿ ಬೈದುಕೊಳ್ಳುತ್ತಲೇ ಕಲಿತಳು, ಹಿಂದೆ ಕನ್ನಡ ಕಲಿತ ಹಾಗೆ. ಮೂರನೇ ಭಾನುವಾರದ ಹೊತ್ತಿಗೆ ಅಂಗಳದಲ್ಲಿ ಮಣೆ ಹಾಕಿಕೊಂಡು, ಕೊಬ್ಬರಿ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು, ಸಲೀಸಾಗಿ ಜಡೆ ಹಾಕುತ್ತಿದ್ದಳು.

ಆಗ ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಕಾಕು ಇಣುಕಿದರು. ಬಹಳ ದಿನದಿಂದ ಕೇಳಬೇಕು ಅಂತ ಇದ್ದರೇನೋ. “ಯಾರರೀ ಈ ಹುಡುಗಿ? ಸಿದ್ದಿ ಮಂದಿ ಕೂದಲ ಇದ್ದಂಗ ಅದಾವಲ್ಲ” ಅಂದರು. ನಾನು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು.

ಆಯಿ ಜಡೆಯಿಂದ ಕೈ ತೆಗೆಯಲಿಲ್ಲ. “ನಮ್ಮ ಮಗಳ ಮಗಳರೀ” ಅಂದಳು. “ಕೂದಲ ನಮ್ಮ ಅಳಿಯಂದು.”

ಕಾಕು ಇನ್ನೂ ಸ್ವಲ್ಪ ಹತ್ತಿರ ಬಂದು ನೋಡಿದರು. “ಎಷ್ಟ ದಪ್ಪ ಅದಾವರೀ ಮತ್ತ! ಯಾವ ಎಣ್ಣಿ ಹಚ್ಚತೀರಿ?”